ಇಪ್ಪತ್ಮೂರನೆಯ ತಟ್ಟೆ

ಏಪ್ರಿಲ್ ತಿಂಗಳಲ್ಲಿ ಬೀದರಿನ ನಮ್ಮ ಓಣಿಯಲ್ಲಿ ಯಾರಾದರೂ ಸಾಲಾಗಿ ಸೀನಿದರೆ ಯಾರೂ ಗಾಬರಿಯಾಗುವುದಿಲ್ಲ. ಯಾರದೋ ಮನೆಯಲ್ಲಿ ವರ್ಷದ ಮಸಾಲೆ ಖಾರ ಹುರಿಯುತ್ತಿದ್ದಾರೆ ಎಂದುಕೊಂಡು ಮೂಗು ಒರೆಸಿಕೊಂಡು ಮುಂದೆ ಹೋಗುತ್ತಾರೆ. ಗಾಬರಿಯಾಗುವವನು ನಾನೊಬ್ಬನೇ. ಒಂದು ಸೀನು ಬಂದರೆ ನನಗೆ ನೆಗಡಿಯ ಚಿಂತೆ, ಎರಡು ಬಂದರೆ ಉಬ್ಬಸದ ಚಿಂತೆ, ಮೂರು ಬಂದರೆ ಈ ಹೊತ್ತಿನಲ್ಲಿ ಯಾವ ದವಾಖಾನೆ ತೆರೆದಿರುತ್ತದೆ ಎಂಬ ಚಿಂತೆ. ಅದಕ್ಕೇ ಪ್ರತಿ ವರ್ಷ ಖಾರ ಹುರಿಯುವ ದಿನ ಸರಿಯಾಗಿ ಗೊತ್ತುಮಾಡಿಕೊಂಡು ಉತ್ತರಪತ್ರಿಕೆ ತಿದ್ದುವ ನೆಪದಲ್ಲಿ ಮನೆಯಿಂದ ಪಾರಾಗುತ್ತಿದ್ದೆ. ಈ ಸಲ ಪತ್ರಿಕೆಗಳು ಬೇಗ ಮುಗಿದವು. ನಾನು ಸಿಕ್ಕಿಬಿದ್ದೆ.

ಮಾಳಿಗೆಯ ಮೇಲೆ ಹಳೆಯ ಸೀರೆ ಹಾಸಿ, ಅದರ ಮೇಲೆ ನನ್ನ ಹೆಂಡತಿ ಮಹಾನಂದಾ ತಟ್ಟೆಗಳನ್ನು ಸಾಲಾಗಿ ಇಟ್ಟಿದ್ದಳು. ಒಂದೊಂದು ತಟ್ಟೆಯಲ್ಲಿ ಒಂದೊಂದು ಸಾಮಾನು. ಎಣಿಸುವುದು ನನ್ನ ಚಟ. ಬಸ್ಸು ಹತ್ತಿದರೆ ಸೀಟು ಎಣಿಸುತ್ತೇನೆ, ಮದುವೆಗೆ ಹೋದರೆ ಬಿಟ್ಟ ಚಪ್ಪಲಿಗಳ ಸಾಲಿನಲ್ಲಿ ನನ್ನದು ಎಷ್ಟನೆಯದು ಎಂದು ಎಣಿಸಿ ಒಳಗೆ ಹೋಗುತ್ತೇನೆ. ತಟ್ಟೆಗಳನ್ನೂ ಎಣಿಸಿದೆ. ಇಪ್ಪತ್ಮೂರು. ನಮ್ಮ ಮನೆಯ ಖಾರಕ್ಕೆ ಬೀಳುವುದು ಇಪ್ಪತ್ತೆರಡು ಸಾಮಾನು. ಅದರಲ್ಲಿ ನನಗೆ ಸಂಶಯವೇ ಇಲ್ಲ, ಯಾಕೆ ಇಲ್ಲವೆಂಬುದನ್ನು ಮುಂದೆ ಹೇಳುತ್ತೇನೆ. ಬಲಗಡೆಯಿಂದ ಎಣಿಸಿದರೆ ಕಡಿಮೆಯಾದೀತೇನೋ ಎಂಬಂತೆ ಆ ಕಡೆಯಿಂದಲೂ ಎಣಿಸಿದೆ. ಇಪ್ಪತ್ಮೂರೇ. ಯಾವುದನ್ನೋ ಎರಡು ಪಾಲು ಮಾಡಿರಬೇಕು ಎಂದು ಬಿಟ್ಟುಬಿಟ್ಟೆ.

"ಮ್ಯಾಲಿನ ಮನಿ ಹುಡುಗಿ ಖಾರದ ಪಟ್ಟಿ ಕೇಳ್ಯಾಳ," ಎಂದಳು ಮಹಾನಂದಾ. ಮೇಲಿನ ಮನೆಗೆ ಹೊಸದಾಗಿ ಬಾಡಿಗೆಗೆ ಬಂದ ನರ್ಸ್ ಆಕೆ, ದಕ್ಷಿಣದ ಕಡೆಯವಳು. "ನಾ ಹೇಳ್ತೇನಿ, ನೀವು ಬರೀರಿ. ಹುರಿಯೋ ಪಾಳಿ ತಪ್ಪಬಾರದು ನೋಡ್ರಿ. ಮೊದಲು ಧನಿಯಾ."

ಧನಿಯಾ ಎಂದು ಬರೆದೆ. ಅಷ್ಟರಲ್ಲಿ ಬಾಣಲೆಯ ಹೊಗೆ ಮೂಗಿಗೆ ಬಡಿದು ಸೀನು ಬಂತು, ಸೀನಿನ ಬೆನ್ನಿಗೆ ಇಪ್ಪತ್ತಾರು ವರ್ಷದ ಹಿಂದಿನ ಒಂದು ನೋಟ್‌ಬುಕ್ಕಿನ ಹಾಳೆ ಕಣ್ಣಮುಂದೆ ಬಂತು. ಅದರಲ್ಲೂ ಮೊದಲ ಸಾಲು ಧನಿಯಾ. ಆ ಹಾಳೆಯ ಮೇಲೆ ನನ್ನ ಮದುವೆ ನಿಂತಿತ್ತು ಎಂದರೆ ನೀವು ನಂಬಲಿಕ್ಕಿಲ್ಲ. ಸ್ವಲ್ಪ ಕೂತು ಕೇಳಿ.

ಆಗ ನಾನು ಭಾಲ್ಕಿಯ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಹೊಸ ಉಪನ್ಯಾಸಕ. ಜೀವಿಗಳು ಯಾವ ಕಾಲಕ್ಕೆ ಒಂದರಿಂದ ಒಂದು ಬೇರೆಯಾದವು ಎಂಬುದನ್ನು ಪ್ರೋಟೀನಿನಿಂದ ಲೆಕ್ಕ ಹಾಕುವ ಪಾಠ ನನಗೆ ಬಲು ಪ್ರೀತಿಯದು. ಪ್ರೋಟೀನು ಅಂದರೆ ಒಂದು ಸರ ಎಂದು ತಿಳಿಯಿರಿ. ಇಪ್ಪತ್ತು ಬಗೆಯ ಮಣಿಗಳು. ಯಾವುದರ ಪಕ್ಕ ಯಾವುದು ಎಂಬ ಪಾಳಿ ತಂದೆತಾಯಿಯಿಂದ ಮಕ್ಕಳಿಗೆ ನಕಲಾಗುತ್ತ ಬರುತ್ತದೆ. ನಕಲು ಮಾಡುವಾಗ ಯಾವಾಗಲೋ ಒಮ್ಮೆ ಒಂದು ಮಣಿ ಬದಲಾಗುತ್ತದೆ. ಉಸಿರಾಟದ ಕೆಲಸಕ್ಕೆ ಬೇಕಾದ ಸೈಟೊಕ್ರೋಮ್ ಸಿ ಎಂಬ ಸರ ನಮ್ಮಲ್ಲೂ ಇದೆ, ಕುದುರೆಯಲ್ಲೂ ಇದೆ, ಬ್ರೆಡ್ಡು ಉಬ್ಬಿಸುವ ಯೀಸ್ಟಿನಲ್ಲೂ ಇದೆ. ನಮ್ಮದರಲ್ಲಿ ನೂರನಾಲ್ಕು ಮಣಿ. ಕೆಂಪು ಮೂತಿಯ ಮಂಗನ ಸರಕ್ಕೂ ನಮ್ಮದಕ್ಕೂ ಒಂದೇ ಮಣಿಯ ವ್ಯತ್ಯಾಸ, ಕುದುರೆಗೆ ಹನ್ನೆರಡು, ಯೀಸ್ಟಿಗೆ ನಲವತ್ತು ದಾಟುತ್ತದೆ. ಯಾವುದೋ ಎರಡು ಪ್ರಾಣಿ ಬೇರೆಯಾದ ಕಾಲ ಕಲ್ಲಾದ ಎಲುಬಿನಿಂದ ಗೊತ್ತಿದ್ದರೆ, ಒಂದು ಮಣಿ ಬದಲಾಗಲು ಎಷ್ಟು ಕಾಲ ಬೇಕು ಎಂಬುದು ಸಿಗುತ್ತದೆ. ಈ ಅಳತೆಗೆ ಗಡಿಯಾರ ಎಂದೇ ಹೆಸರು. ಅದನ್ನು ಹಿಡಿದು, ಎಲುಬೇ ಇಲ್ಲದ ಗಿಡ, ಅಣಬೆ, ಬ್ಯಾಕ್ಟೀರಿಯಾಗಳ ಹಿಂದೆ ಹೋಗಬಹುದು. ಗಿಡದ ಕಡೆಯವರು, ನಮ್ಮ ಕಡೆಯವರು ಬೇರೆ ಮನೆ ಮಾಡಿದ್ದು ನೂರು ಕೋಟಿ ವರ್ಷಕ್ಕೂ ಹಿಂದೆ. ಅಣಬೆ ಗಿಡದ ಪಕ್ಕ ನಿಂತಿರುತ್ತದೆಯೇ ಹೊರತು ನೆಂಟಸ್ತಿಕೆಯಲ್ಲಿ ನಮ್ಮ ಕಡೆಯದು. ಇದನ್ನು ಹೇಳಿದಾಗ ನಾನು ಇಡೀ ಭಾಲ್ಕಿಗೆ ದೊಡ್ಡ ಸುದ್ದಿ ತಂದವನಂತೆ ಎದೆ ಉಬ್ಬಿಸಿ ನಿಲ್ಲುತ್ತಿದ್ದೆ. ಹುಡುಗರು ಗಡಿಯಾರ ನೋಡಿಕೊಳ್ಳುತ್ತಿದ್ದರು, ಗೋಡೆಯದನ್ನು.

ಆ ವರ್ಷವೇ ನನಗೆ ಹೆಣ್ಣು ನೋಡಲು ಔರಾದಿಗೆ ಹೋದದ್ದು. ಮಹಾನಂದಾಳ ತಂದೆ ಅಲ್ಲಿ ಸಾಲಿ ಮಾಸ್ತರರು. ಆಕೆಯೂ ಒಂದು ಸಾಲಿಯಲ್ಲಿ ಗಣಿತ ಕಲಿಸುತ್ತಿದ್ದಳು. ಅವರ ಸ್ವಂತ ಊರು ಚಿಂತಾಕಿ, ಆಕೆಯ ಅಜ್ಜಿ ಅಲ್ಲೇ ಹೊಲಮನೆ ನೋಡಿಕೊಂಡಿದ್ದರು. ಅವರು ಕೊಟ್ಟ ಚಹಾವನ್ನು ನಾನು ನಾಲಿಗೆ ಸುಟ್ಟೀತೆಂದು ಊದುತ್ತಲೇ ಕೂತಿದ್ದೆ. ಮೂರು ಜನ ಕುಡಿದು ಬಸಿ ಕೆಳಗಿಟ್ಟರೂ ನನ್ನದು ಮುಗಿದಿರಲಿಲ್ಲ. ಆಕೆ ತಲೆ ಎತ್ತದೆಯೇ, "ಆರಿಹೋದ್ರ ಮತ್ತ ಬಿಸಿ ಮಾಡಿ ಕೊಡ್ತೇನಿ, ಊದ್ರಿ ಆರಾಮಾಗಿ," ಎಂದಳು. ನಾನು ಅಲ್ಲೇ ಸೋತೆ.

ಆದರೆ ನಮ್ಮ ಮನೆಯಲ್ಲಿ ಹುಡುಗಿಯನ್ನು ಒಪ್ಪುವುದು ಹುಡುಗನ ಕೆಲಸವಾಗಿರಲಿಲ್ಲ. ಅದು ಅಪ್ಪನ ಅಕ್ಕ, ಕಾಶಮ್ಮ ಅತ್ತಿಯ ಕೆಲಸ. ಎಲ್ಲರೂ ಹುಡುಗಿ ನೋಡಿದರೆ ಅತ್ತಿ ಸಾರು ನೋಡುತ್ತಿದ್ದಳು. ಒಂದೇ ಬೆಡಗಿನ, ಅಂದರೆ ಅಣ್ಣತಮ್ಮರ ಮನೆತನದ, ಹುಡುಗ ಹುಡುಗಿ ಅಣ್ಣ ತಂಗಿ ಇದ್ದಂತೆ. ಅವರಲ್ಲಿ ಬೀಗತನ ಕೂಡದು. ಹೆಸರು ಬದಲಾಗುತ್ತದೆ, ಊರು ಬದಲಾಗುತ್ತದೆ, ಹಿರಿಯರು ಮರೆಯುತ್ತಾರೆ, ಆದರೆ ಮನೆಯ ಖಾರ ಬದಲಾಗುವುದಿಲ್ಲ ಎಂಬುದು ಅತ್ತಿಯ ಶಾಸ್ತ್ರ. ಜನವಾಡದ ನಮ್ಮ ಮನೆಯ ಖಾರ ಆಕೆಯ ಕೈಯದು. ಬೀದರಿನ ಗಂಡನ ಮನೆಯಿಂದ ಪ್ರತಿ ಬೇಸಿಗೆಗೆ ಬಂದು ಮಾಡಿಟ್ಟು ಹೋಗುತ್ತಿದ್ದಳು.

ಊಟಕ್ಕೆ ಕೂತೆವು. ಅತ್ತಿ ಎಂದಿನಂತೆ ಮೊದಲು ಬೇಳೆಸಾರನ್ನು ಮೂಸಿ, ಆಮೇಲೆ ಬೆರಳಿಟ್ಟು ನಾಲಿಗೆಗೆ ತಾಗಿಸಿದಳು. ಕಣ್ಣು ಮುಚ್ಚಿದಳು. ಇನ್ನೊಮ್ಮೆ ತಾಗಿಸಿದಳು.

"ಈ ಖಾರ ಎಲ್ಲಿದ್ರಿ?"

"ಚಿಂತಾಕಿದ್ರಿ. ನಮ್ಮವ್ವ ಮಾಡಿ ಕಳಿಸ್ತಾಳ್ರಿ," ಎಂದರು ಮಾಸ್ತರರು ಹೆಮ್ಮೆಯಿಂದ.

ಅತ್ತಿ ಊಟ ಮುಗಿಸಿ ಎದ್ದಳು. ಜೀಪು ಔರಾದು ದಾಟಿದ ಮೇಲೆ ಹೇಳಿದಳು. "ಒಂದು ಹೋಗ್ಯಾದ, ಒಂದು ಬಂದಾದ. ಆದ್ರ ಖಾರ ನಮ್ಮದೇ. ಇವರು ನಮ್ಮ ಅಣ್ಣತಮ್ಮರು. ಎಂದೋ ಒಡದು ಹೋದ ಮನಿ. ಹುಡುಗಿ ಇವಗ ತಂಗಿ ಆಗ್ತಾಳ. ಬ್ಯಾಡ."

ಅಪ್ಪ ಅಕ್ಕನ ಮಾತಿಗೆ ಎದುರಾಡಿದವರಲ್ಲ. ನಾನು ಯಾರ ಮಾತಿಗೂ ಎದುರಾಡಿದವನಲ್ಲ. ಆದರೆ ಅವತ್ತು ಜೀಪಿನ ಹಿಂದಿನ ಸೀಟಿನಲ್ಲಿ ಕೂತು ನನ್ನ ತಲೆ ಬೇರೆ ಕಡೆ ಓಡುತ್ತಿತ್ತು. ಅತ್ತಿ ಹೇಳುತ್ತಿರುವುದು ನನ್ನದೇ ಪಾಠವಲ್ಲವೇ? ಪಾಳಿಯಲ್ಲಿ ಬಂದ ಸಾಮಾನು, ತಲೆಮಾರಿನಿಂದ ತಲೆಮಾರಿಗೆ ನಕಲು, ಎಲ್ಲೋ ಒಂದು ವ್ಯತ್ಯಾಸ. ಹಾಗಾದರೆ ವ್ಯತ್ಯಾಸ ಎಣಿಸಿ ಕಾಲ ಕಂಡುಹಿಡಿಯಬಹುದು. ಎರಡು ಮನೆ ಒಡೆದದ್ದು ಹತ್ತಾರು ತಲೆಮಾರಿನ ಹಿಂದೆ ಎಂದು ತೋರಿಸಿದರೆ, "ಅತ್ತಿ, ಇಷ್ಟು ದೂರದ್ದು ನಡೀತದ," ಎನ್ನಬಹುದು. ಶಾಸ್ತ್ರ ನನ್ನ ಕಡೆಗಿದೆ ಎಂದು ಮೊದಲ ಸಲ ಅನಿಸಿತು. ಅನಿಸಬಾರದಿತ್ತು.

ಅಳತೆಗೆ ಬೇಕಾದ ಎಲುಬು ನನಗೆ ಸಾಯಗಾಂವದಲ್ಲಿ ಸಿಕ್ಕಿತು. ಗಾಬರಿಯಾಗಬೇಡಿ, ನಮ್ಮ ಮುತ್ತಜ್ಜನ ಇಬ್ಬರು ಮಕ್ಕಳಲ್ಲಿ ಒಬ್ಬ ಜನವಾಡದಲ್ಲಿ ಉಳಿದ, ಇನ್ನೊಬ್ಬ ಸಾಯಗಾಂವಕ್ಕೆ ಹೋದ. ಅದು ಎಂಬತ್ತು ವರ್ಷದ ಹಿಂದಿನ ಮಾತು ಎಂಬುದು ಎರಡೂ ಮನೆಗೆ ಗೊತ್ತು. ಅವ್ವನಿಂದ ನಮ್ಮ ಖಾರದ ಪಟ್ಟಿ ಬರೆಸಿಕೊಂಡೆ: ಇಪ್ಪತ್ತೆರಡು ಸಾಮಾನು, ಹುರಿಯುವ ಪಾಳಿಯ ಸಮೇತ. ಸಾಯಗಾಂವದ ಕಾಕಿಯ ಪಟ್ಟಿ ತಂದು ಪಕ್ಕದಲ್ಲಿಟ್ಟೆ. ಆರು ಕಡೆ ವ್ಯತ್ಯಾಸ. ಎಂಬತ್ತು ವರ್ಷಕ್ಕೆ ಆರು, ಅಂದರೆ ಹೆಚ್ಚುಕಡಿಮೆ ಹದಿಮೂರು ವರ್ಷಕ್ಕೊಂದು ಮಣಿ. ಗಡಿಯಾರ ತಯಾರಾಯಿತು.

ಇನ್ನು ಚಿಂತಾಕಿಯ ಪಟ್ಟಿ. ಅದನ್ನು ಕೇಳಲು ಮಹಾನಂದಾಳಿಗೆ ಪತ್ರ ಬರೆದೆ. ಹುಡುಗಿಗೆ ಬರೆದ ಮೊದಲ ಪತ್ರದಲ್ಲಿ "ನಿಮ್ಮ ಮನೆಯ ಮಸಾಲೆಯ ಪಟ್ಟಿಯನ್ನು ಹುರಿಯುವ ಕ್ರಮದಲ್ಲಿ ದಯವಿಟ್ಟು ಕಳಿಸಿರಿ" ಎಂದಿಷ್ಟೇ ಬರೆದವನು ನಮ್ಮ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು. ವಾರದಲ್ಲಿ ಉತ್ತರ ಬಂತು. ಇಪ್ಪತ್ತೊಂದು ಸಾಮಾನು, ಗುಂಡಗಿನ ಅಕ್ಷರ. ನಮ್ಮದರ ಪಕ್ಕದಲ್ಲಿಟ್ಟು ನೋಡಿದೆ. ಪಾಳಿ ಅದೇ. ಒಂದೊಂದಾಗಿ ಅದೇ. ನಮ್ಮಲ್ಲಿ ಇದ್ದು ಅಲ್ಲಿ ಇಲ್ಲದ್ದು ಒಂದೇ ಒಂದು: ಕಲ್ಲುಹೂ.

ಒಂದು ವ್ಯತ್ಯಾಸ. ಹದಿಮೂರು ವರ್ಷ.

ಹತ್ತಾರು ತಲೆಮಾರು ತೋರಿಸಲು ಹೋದವನು, ಎರಡೂ ಮನೆ ಮೊನ್ನೆ ಮೊನ್ನೆ ಒಡೆದಿವೆ ಎಂದು ತೋರಿಸಿಬಿಟ್ಟಿದ್ದೆ. ಕಾಲೇಜಿನ ಗಣಿತದ ಸರ್ ನನ್ನ ಹಾಳೆಯನ್ನು ಕನ್ನಡಕ ಏರಿಸಿ ನೋಡಿ, "ಲೆಕ್ಕ ಬರಾಬರ್ ಅದ್ರಿ. ನೀವು ಏಳನೇ ಕ್ಲಾಸಿನ್ಯಾಗ ಇದ್ದಾಗ ನಿಮ್ಮ ಮನಿ ಒಡದಾದ. ಅವತ್ತು ಸಾಲಿಗಿ ಹೋಗಿದ್ರೇನು, ಗೊತ್ತೇ ಆಗಿಲ್ಲಲ್ಲ?" ಎಂದು ಚಹಾ ನೆತ್ತಿಗೇರುವಂತೆ ನಕ್ಕರು. ನಾನು ನಗಲಿಲ್ಲ. ನನಗೆ ಆಗಲೇ ಬೇರೆ ಚಿಂತೆ ಹತ್ತಿತ್ತು. ಅತ್ತಿಯೇ ಸರಿ ಇದ್ದರೆ? ಆಕೆ ನಿಜಕ್ಕೂ ತಂಗಿಯೇ ಆಗುವುದಾದರೆ? ಬಿಸಿ ಮಾಡಿ ಕೊಡುತ್ತೇನೆ ಎಂದ ದನಿಯನ್ನು ನೆನೆಯುವುದೂ ತಪ್ಪಾಗುತ್ತದಲ್ಲ ಎಂದು ನೆನೆಯುವುದನ್ನೂ ಬಿಟ್ಟೆ. ಅಂದರೆ ಬಿಡಲು ನೋಡಿದೆ.

ಆ ತಿಂಗಳ ಕೊನೆಗೆ ಶಿಕ್ಷಕರ ತರಬೇತಿಗೆಂದು ಮಹಾನಂದಾ ಭಾಲ್ಕಿಗೆ ಬಂದಳು. ಬಸ್‌ಸ್ಟ್ಯಾಂಡಿನ ಕ್ಯಾಂಟೀನಿನಲ್ಲಿ ಕೂತು ನನ್ನ ಹಾಳೆಯನ್ನು ಮೊದಲಿಂದ ಕೊನೆಯವರೆಗೆ, ಹುಡುಗರ ಉತ್ತರ ತಿದ್ದುವಂತೆ ಬೆರಳಿಟ್ಟು ಓದಿದಳು.

"ಲೆಕ್ಕ ಸರಿ ಅದ್ರಿ," ಎಂದಳು. "ಆದ್ರ ಒಂದೇ ಖಾರದ ಮ್ಯಾಲ ಇಡೀ ಮನಿತನ ಅಳೀತೀರೇನ್ರಿ? ನಿಮ್ಮಲ್ಲಿ ಎಳ್ಳ ಅಮಾಸಿಗಿ ಭಜ್ಜಿ ಹ್ಯಾಂಗ ಮಾಡ್ತಾರ?"

ಹೇಳಿದೆ. ಕರಿದ ಬಜ್ಜಿಯಲ್ಲ, ಎಲ್ಲ ಕೂಡಿಸಿ ಬೇಯಿಸುವ ಪಲ್ಯ ಅದು: ಬೇಳೆಕಾಳು, ಸೊಪ್ಪು, ಹಸಿ ಕಡಲೆ, ಯಾವುದು ಮೊದಲು ಯಾವುದು ಆಮೇಲೆ. ಆಕೆ ಅವರದು ಹೇಳಿದಳು. ಯಾವುದೂ ಕೂಡಲಿಲ್ಲ. ಉಪ್ಪಿನಕಾಯಿ ಹೇಳಿದೆವು, ಕೂಡಲಿಲ್ಲ. ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಹೇಳಿದೆವು. ಅವರು ಅದಕ್ಕೆ ಬೆಲ್ಲ ಹಾಕುತ್ತಾರೆಂಬುದನ್ನು ನಾನು ಎರಡು ಸಲ ಕೇಳಿ ಖಾತ್ರಿಮಾಡಿಕೊಂಡೆ.

"ನೋಡ್ರಿ. ಎಲ್ಲಾ ಬ್ಯಾರೆ, ಖಾರ ಮಾತ್ರ ಅದೇ. ಹಂಗಾರ ಅದು ಮ್ಯಾಲಿಂದ, ಹಿರ್ಯಾರಿಂದ, ಬಂದಿಲ್ಲ. ಬಾಜೂದಿಂದ ಬಂದಾದ."

ನನಗೆ ನಾಚಿಕೆಯಾಯಿತು. ಇದನ್ನು ನಾನೇ ಪಾಠ ಹೇಳುತ್ತೇನೆ! ನಮ್ಮ ಜೀವಕೋಶದೊಳಗೆ ಉಸಿರಾಟ ನಡೆಸುವ ಪುಟ್ಟ ಅಂಗ ಒಂದು ಕಾಲಕ್ಕೆ ಹೊರಗಿನಿಂದ ಬಂದು ಸೇರಿಕೊಂಡ ಬ್ಯಾಕ್ಟೀರಿಯಾ. ಅದರ ವಂಶದ ಪ್ರೋಟೀನುಗಳನ್ನಷ್ಟೇ ಹಿಡಿದು ಅಳೆದರೆ ಮನುಷ್ಯ ಬ್ಯಾಕ್ಟೀರಿಯಾದ ಚಿಕ್ಕಪ್ಪನ ಮಗ ಎಂದು ಬರುತ್ತದೆ. ಅದಕ್ಕೇ ಒಂದಲ್ಲ, ಹತ್ತಾರು ಪ್ರೋಟೀನು ನೋಡಬೇಕು ಎಂದು ಹುಡುಗರಿಗೆ ಪ್ರತಿ ವರ್ಷ ಹೇಳಿ, ಪರೀಕ್ಷೆಯಲ್ಲಿ ಪ್ರಶ್ನೆಯನ್ನೂ ಕೇಳುತ್ತೇನೆ. ಸ್ವಂತ ಮದುವೆಗೆ ಬಂದಾಗ ಮರೆತೆ.

"ಯಾರ ಬಾಜೂದಿಂದ?" ಎಂದೆ.

"ಆಯಿಗಿ ಕೇಳ್ತೇನಿ. ಚಹಾ ಕುಡೀರಿ, ಆರ್ಯಾದ."

ಚಿಂತಾಕಿಯ ಆಯಿ, ಅಂದರೆ ಆಕೆಯ ಅಜ್ಜಿ, ಹೇಳಿದ್ದು ಇಷ್ಟು: ಸೊಸೆಯ ಬಾಣಂತನಕ್ಕೆ ಬೀದರಿನ ದವಾಖಾನೆಯಲ್ಲಿ ಎಂಟು ದಿನ ಇದ್ದಾಗ ವರಾಂಡದಲ್ಲಿ ಪಕ್ಕದಲ್ಲೇ ಸ್ಟೋವ್ ಹಚ್ಚುತ್ತಿದ್ದ ಹೆಂಗಸೊಬ್ಬಳು ಕಲಿಸಿದ ಖಾರ ಅದು. ಹೆಸರು ನೆನಪಿಲ್ಲ. ದನಿ ದೊಡ್ಡದು. ಏನು ಕೊಟ್ಟರೂ ಮೊದಲು ಮೂಸಿ ನೋಡಿಯೇ ತಿನ್ನುತ್ತಿದ್ದಳು.

ಮೂಸಿ ನೋಡುವುದು ಎಂಬಲ್ಲಿಗೆ ನನಗೆ ಅರ್ಧ ತಿಳಿಯಿತು. ನಾನು ಏಳನೇ ತರಗತಿಯಲ್ಲಿದ್ದಾಗ ನಮ್ಮಕ್ಕನ ಮೊದಲ ಹೆರಿಗೆಗೆ ಅದೇ ದವಾಖಾನೆಯಲ್ಲಿ ಜೊತೆಗಿದ್ದವಳು ಕಾಶಮ್ಮ ಅತ್ತಿ. ಆದರೆ ಅತ್ತಿಗೆ ನಾನು ಹೇಳಿದರೆ ಒಪ್ಪಿಯಾಳೇ? "ಹುಡುಗಿ ಮ್ಯಾಲ ಮನಸಾಗಿ ಕಥಿ ಕಟ್ಟಾಕತ್ಯಾನ," ಎಂದರೆ ಅಲ್ಲಿಗೆ ಮುಗಿಯಿತು. ಕೊನೆಗೆ ಮಹಾನಂದಾಳೇ ದಾರಿ ಮಾಡಿದಳು. ಜನವಾಡದಲ್ಲಿ ಅತ್ತಿ ಖಾರಕ್ಕೆ ಬಂದ ದಿನ, ಮಾಸ್ತರರು ತಾಯಿಯನ್ನು ಕರೆದುಕೊಂಡು ಬಸ್ಸಿಗೆ ಬಂದೇಬಿಟ್ಟರು. ಬೇಡವಾದರೆ ಬೇಡ, ಹುಡುಗಿಯ ಫೋಟೋ ವಾಪಸು ಒಯ್ಯಲು ಬಂದೆವು ಎಂಬುದು ನೆಪ.

ಆಯಿ ಹೊಸ್ತಿಲು ದಾಟಿದರು. ಬಾಣಲೆಯ ಮುಂದೆ ಕೂತಿದ್ದ ಅತ್ತಿ ತಲೆ ಎತ್ತಿದಳು.

"ಯವ್ವಾ!" ಎಂದರು ಆಯಿ. "ನೀ ಆ ಸ್ಟೋವಿನಾಕಿ ಅಲ್ಲೇನ?"

"ಎಂಟನೇ ಕಾಟಿನ ಬಾಣಂತಿಯ ಅತ್ತಿ!" ಎಂದು ಅತ್ತಿ ಸಟ್ಟುಗವನ್ನು ಹಾಗೇ ಬಿಟ್ಟು ಎದ್ದಳು. "ಹದಿಮೂರು ವರ್ಷ ಆತು ನೋಡು. ಕೂಸು ಹ್ಯಾಂಗ ಅದಾಳ?"

"ಎಂಟನೇ ಕ್ಲಾಸಿನ್ಯಾಗ ಅದಾಳ. ಅದಿರಲಿ, ನೀ ಮೋಸಗಾತಿ. ನೀ ಹೇಳಿದಂಗೇ ಪಾಳಿ ತಪ್ಪದಂಗ ಮಾಡ್ತೇನಿ, ನಿನ್ನಂಗ ವಾಸನಿ ಒಂದ ಸಲನೂ ಬಂದಿಲ್ಲ."

ಅತ್ತಿ ಬಿದ್ದುಬಿದ್ದು ನಕ್ಕಳು. "ಹ್ಯಾಂಗ ಬರ್ತದ? ಕಲ್ಲುಹೂ ಹೇಳೇ ಇಲ್ಲ ನಿನಗ!"

"ಯಾಕ ಹೇಳಿಲ್ಲ?"

"ಅಯ್ಯ, ಮಂದಿಗಿ ಯಾರರ ಪೂರಾ ಹೇಳ್ತಾರೇನು? ನಮ್ಮವರಿಗಿ ಆದ್ರ ಪೂರಾ ಹೇಳ್ತೀವಿ. ಮಂದಿಗಿ ಹೇಳುವಾಗ ಒಂದು ಇಟ್ಕೋಬೇಕು. ನೀನೂ ಹಂಗೇ ಮಾಡ್ತಿ."

"ಮಾಡ್ತೇನಿ," ಎಂದು ಆಯಿ ಒಪ್ಪಿಕೊಂಡರು.

ಮೂಲೆಯಲ್ಲಿ ಕೂತ ಅಪ್ಪ ಚಹಾದ ಬಸಿಯನ್ನು ಮೆಲ್ಲಗೆ ಕೆಳಗಿಟ್ಟರು. ಜೀವಮಾನದಲ್ಲಿ ಅಕ್ಕನಿಗೆ ಆಡಿದ ಒಂದೇ ಒಂದು ಎದುರುಮಾತು ಅವತ್ತಿನದು. "ಅಕ್ಕಾ, ಈಗ ಮಂದಿ ಅಂದಿ?"

ಅತ್ತಿ ಬಾಣಲೆಯ ಕಡೆ ತಿರುಗಿದಳು. ಗಸಗಸೆ ಕರ್ರಗಾಗುವ ವಾಸನೆ ಬಂತು. ಅತ್ತಿಯ ಕೈಯಲ್ಲಿ ಮಸಾಲೆ ಸುಟ್ಟದ್ದು ಅದೇ ಮೊದಲು, ಅದೇ ಕೊನೆ. "ಆ ಫೋಟೋ ಇಲ್ಲೇ ಇರಲಿ ಬಿಡ್ರಿ," ಎಂದಳು.

ಹದಿಮೂರು ವರ್ಷ! ನನ್ನ ಗಡಿಯಾರ ಕರಾರುವಾಕ್ಕಾಗಿತ್ತು. ಅದು ತೋರಿಸಿದ್ದು ಮನೆ ಒಡೆದ ಕಾಲವನ್ನಲ್ಲ, ಖಾರ ಒಡೆದ ಕಾಲವನ್ನು, ಅಷ್ಟೇ. ನಾನು ಗಣಿತದ ಸರ್‌ಗೆ ಹೇಳಲು ಭಾಲ್ಕಿಗೆ ಓಡಿದೆ. ಅವರು ತಣ್ಣಗೆ, "ಕಲ್ಲುಹೂ ತಾನಾಗಿ ಹೋಗಿಲ್ಲಲ್ಲ, ನಿಮ್ಮತ್ತಿ ಬೇಕಂತ ತೆಗದಾರ. ಹಂಗಾರ ಗಡಿಯಾರ ನಡದೇ ಇಲ್ಲ. ಉತ್ತರ ಸರಿ, ದಾರಿ ತಪ್ಪು. ನಾ ಆದ್ರ ಅರ್ಧ ಮಾರ್ಕ್ಸ್ ಕೊಡ್ತೇನಿ," ಎಂದರು. ಇದನ್ನು ನಾನು ಹುಡುಗರಿಗೆ ಇವತ್ತಿನವರೆಗೂ ಹೇಳಿಲ್ಲ.

ಮದುವೆಯಲ್ಲಿ ಅತ್ತಿ ಮಹಾನಂದಾಳ ಉಡಿಗೆ ಅಕ್ಕಿ, ಕೊಬ್ಬರಿಯ ಜೊತೆ ಒಂದು ಹಿಡಿ ಕಲ್ಲುಹೂ ಹಾಕಿದಳು. ಅದೇನು ಹೂವಲ್ಲ ಬಿಡಿ. ಅಣಬೆಯ ಜಾತಿಯದೊಂದು, ಪಾಚಿಯ ಜಾತಿಯದೊಂದು ಸೇರಿ ಕಲ್ಲಿನ ಮೇಲೆ ಹೂಡಿದ ಸಂಸಾರ. ಇವರಿಬ್ಬರ ಕಡೆಯವರು ಬೇರೆಯಾಗಿ ನೂರು ಕೋಟಿ ವರ್ಷ ಮೀರಿತು. ಅಂಥ ಬೀಗತನಕ್ಕೆ ಯಾವ ಅತ್ತಿಯೂ ಅಡ್ಡ ಬರುವಂತಿಲ್ಲ.

ಆದರೆ ಚಿಂತೆಗಾರನಿಗೆ ಮದುವೆಯಾದರೂ ನಿದ್ದೆಯಿಲ್ಲ. ಅತ್ತಿ ಆಯಿಯನ್ನು ಮಂದಿ ಎಂದುಕೊಂಡಳು, ಸರಿ. ಹಾಗೆಂದುಕೊಂಡ ಮಾತ್ರಕ್ಕೆ ಮಂದಿಯೇ ಎಂದು ಸಿದ್ಧವಾಯಿತೇ? ಇನ್ನೂ ಹಿಂದೆ, ಬಹಳ ಹಿಂದೆ? ಮಗಳು ಹುಟ್ಟಿದಾಗ ಎಲ್ಲರೂ ಮುಖ ನೋಡಿದರೆ ನಾನು ಬೆರಳು ಎಣಿಸಿದೆ. ಹತ್ತು. ಕಾಲಿನವನ್ನೂ ಎಣಿಸಿದೆ. ಮಹಾನಂದಾ ಮಲಗಿದಲ್ಲಿಂದಲೇ, "ಲೆಕ್ಕ ಕೂಡ್ತೇನ್ರಿ?" ಎಂದಳು. ಈಗ ಆ ಮಗಳು ಕಾಲೇಜು ಮುಗಿಸಿದ್ದಾಳೆ, ನನಗಿಂತ ಎರಡು ಬೆರಳು ಎತ್ತರ. ಆದರೂ ಸಂಶಯದ ಒಂದು ಸಣ್ಣ ಹರಳು ಎದೆಯಲ್ಲಿ ಎಲ್ಲೋ ಉಳಿದೇ ಇತ್ತು.

"ಬರದ್ರೇನು? ಎಲ್ಲಿ ಇದ್ದೀರಿ?" ಎಂದಳು ಮಹಾನಂದಾ.

ಮಾಳಿಗೆಗೆ ಮರಳಿದೆ. ಆಕೆ ಹೇಳುತ್ತ ಹೋದಳು, ನಾನು ಬರೆಯುತ್ತ ಹೋದೆ. ಲವಂಗ, ದಾಲ್ಚಿನ್ನಿ, ನಾಗಕೇಸರ, ಜಾಯಪತ್ರಿ. ಕಲ್ಲುಹೂ ಬಂದಾಗ ತಲೆ ಎತ್ತಿದೆ. "ಬರೀರಿ, ಬರೀರಿ," ಎಂದಳು. ಇಪ್ಪತ್ತೆರಡಕ್ಕೆ, "ಆತು," ಎಂದಳು.

"ಆ ಕೊನೇ ತಟ್ಟೆ?"

"ಯಾವ ತಟ್ಟಿ?" ಎನ್ನುತ್ತ ಸೆರಗು ಸರಿಮಾಡಿಕೊಂಡಳು. ಸೆರಗು ಸರಿಯಾಗಿ ಆ ತಟ್ಟೆಯ ಮೇಲೆಯೇ ಬಿತ್ತು.

ಎದ್ದು ಹೋಗಿ ಸೆರಗು ಸರಿಸಿ ನೋಡಿದೆ. ಎಳ್ಳಿಗಿಂತ ದಪ್ಪ, ಮೆಣಸಿಗಿಂತ ಸಣ್ಣ, ಕಂದು ಬಣ್ಣದ ಯಾವುದೋ ಬೀಜ. ನಾನು ಎಂದೂ ಕಂಡದ್ದಲ್ಲ. "ಇದೇನಿದು?"

"ಅದು ನಮ್ಮ ಚಿಂತಾಕಿದು. ಆಯಿದು."

"ಅವತ್ತು ಕಳಿಸಿದ ಪಟ್ಟಿಯಲ್ಲಿ ಇರಲಿಲ್ಲ?"

"ಹ್ಯಾಂಗ ಇರ್ತದ? ಅವತ್ತು ನೀವು ಮಂದಿ."

ಒಂದು ಹೋಗ್ಯಾದ, ಒಂದು ಬಂದಾದ ಎಂದಿದ್ದಳು ಅತ್ತಿ. ಬಂದದ್ದು ಇದು! ನನ್ನ ಲೆಕ್ಕದಲ್ಲಿ ವ್ಯತ್ಯಾಸ ಒಂದಲ್ಲ, ಎರಡಿತ್ತು. ಹದಿಮೂರಲ್ಲ, ಇಪ್ಪತ್ತಾರು ಬರಬೇಕಿತ್ತು. ಗಣಿತದ ಸರ್ ಕೊಟ್ಟ ಅರ್ಧ ಮಾರ್ಕ್ಸೂ ಹೋಯಿತು. ಇಷ್ಟು ವರ್ಷ ನಾನು ಪತ್ರಿಕೆ ತಿದ್ದಲು ಓಡಿಹೋಗುವುದನ್ನೇ ಕಾದು ಈಕೆ ಇದನ್ನು ಬಾಣಲೆಗೆ ಸುರಿದಿದ್ದಾಳೆ.

"ಈಗ? ಈಗಲೂ ಮಂದಿಯೇನು ನಾನು?"

"ಈಗೂ ಒಂದು ಇರಲಿ ಬಿಡ್ರಿ," ಎಂದು ನಕ್ಕಳು.

ಆಕೆ ಬಾಣಲೆಯ ಕಡೆ ತಿರುಗಿದಾಗ ಎರಡು ಬೀಜ ಎತ್ತಿ ಜೇಬಿಗೆ ಹಾಕಿಕೊಂಡೆ. ಸಸ್ಯಶಾಸ್ತ್ರದವರಿಗೆ ತೋರಿಸಿದರೆ ಅರ್ಧ ನಿಮಿಷದ ಕೆಲಸ. ಇನ್ನೇನು ಮೆಟ್ಟಿಲು ಇಳಿಯಬೇಕು, ಕಾಲು ನಿಂತಿತು. ನಮ್ಮವಳೇ ಆಗಿದ್ದರೆ ಪೂರಾ ಹೇಳುತ್ತಿದ್ದಳಲ್ಲವೇ? ಅತ್ತಿಯ ಶಾಸ್ತ್ರ ಅದೇ ತಾನೇ? ಇಪ್ಪತ್ತಾರು ವರ್ಷ ಒಂದೇ ಒಲೆಯ ಊಟ ಹಾಕಿಯೂ ಒಂದನ್ನು ಇಟ್ಟುಕೊಂಡಿದ್ದಾಳೆ. ಅಂದಮೇಲೆ ಈಕೆ ಬೇರೆ ಮನೆಯವಳು, ಅಪ್ಪಟ ಬೇರೆ ಮನೆಯವಳು. ನಮ್ಮ ಮದುವೆಯಲ್ಲಿ ಯಾವ ತಪ್ಪೂ ಇಲ್ಲ. ಎದೆಯೊಳಗಿನ ಹರಳು ಎಲ್ಲಿಗೆ ಹೋಯಿತೋ, ತಡಕಿದರೂ ಸಿಗಲಿಲ್ಲ.

ಹಿಂದಿರುಗಿ ಬಂದು ಬೀಜ ಎರಡನ್ನೂ ತಟ್ಟೆಗೆ ಹಾಕಿದೆ. ಪಟ್ಟಿಯಲ್ಲಿ ಇಪ್ಪತ್ತೆರಡರ ಕೆಳಗೆ ಗೆರೆ ಎಳೆದೆ. ಆಮೇಲೆ ಒಂದರ ಹಿಂದೊಂದು ನಾಲ್ಕು ಸಲ ಸೀನಿದೆ. ಯಾವ ದವಾಖಾನೆಯೂ ನೆನಪಾಗಲಿಲ್ಲ.